ನೀರನ್ನು ಎತ್ತಿ ಹೊಯ್ದವರು

1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಊರಿನ ಕಡಲಂಚಿನಿಂದ ಒಂದಷ್ಟು ಹವಳದ ಜೀವಿಗಳನ್ನು ಜಾಡಿಯಲ್ಲಿ ತುಂಬಿಕೊಂಡು ಲಂಡನ್ನಿಗೆ ಬಂದರು. ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಕಡಲು ದೂರ, ದಿನಾ ಹೊಸ ಉಪ್ಪುನೀರು ತರಿಸುವುದು ಆಗದ ಮಾತು. ಇದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕು, ಆದರೆ ಹಾಗೇ ಬಿಟ್ಟರೆ ಅದರೊಳಗಿನ ಜೀವಿಗಳು ಸಾಯುತ್ತವೆ. ಅದಕ್ಕೆ ಅವರು ಮಾಡಿದ ಉಪಾಯ ಇಷ್ಟೇ: ತೆರೆದ ಕಿಟಕಿಯ ಎದುರು ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಅರ್ಧ ಗಂಟೆ ಮುಕ್ಕಾಲು ಗಂಟೆ ಸುರಿಯುತ್ತಾ ಇರುವುದು. ಸುರಿದವರು ಆನಾ ಥಿನ್ ಅಲ್ಲ, ಅವರ ಮನೆಯ ಕೆಲಸದ ಹುಡುಗಿ. 1859ರಲ್ಲಿ ಈ ಪ್ರಯೋಗದ ವಿವರ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಆ ಹುಡುಗಿಯ ಪ್ರಸ್ತಾಪವೇನೋ ಬಂತು, ಹೆಸರು ಮಾತ್ರ ಬರಲಿಲ್ಲ.

ಅಕ್ವೇರಿಯಂ ಮೀನಿನ ವ್ಯಾಪಾರದಲ್ಲೇ ತಲೆ ನರೆತವನು ನಾನು. ಈ ಕಸುಬಿನ ಚರಿತ್ರೆ ಬರೆಯುವವರು ವಿಜ್ಞಾನಿಗಳಿಂದ, ಕಟ್ಟಡಗಳಿಂದ, ಉದ್ಘಾಟನೆ ಮಾಡಿದ ದೊಡ್ಡವರಿಂದ ಶುರು ಮಾಡುತ್ತಾರೆ. ನನಗೆ ಆ ಹುಡುಗಿಯಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ಕರೆಂಟ್ ಹೋದ ರಾತ್ರಿ ಮೀನು ಸಾಕಿದವರು ಇವತ್ತಿಗೂ ಮಾಡುವುದು ಅವಳ ಕೆಲಸವನ್ನೇ.

ಯಾಕೆ ಎಂದರೆ ಲೆಕ್ಕ ಸರಳ. ಒಂದು ಲೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 20 ಡಿಗ್ರಿ ಬಿಸಿಯ ಒಂದು ಲೀಟರ್ ಸಿಹಿನೀರು ಎಷ್ಟು ಹಿಡಿದಿಟ್ಟುಕೊಂಡರೂ 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಏರಿದರೆ ಅದೂ ಇಳಿದು ಏಳೂವರೆ ಆಗುತ್ತದೆ. ಉಪ್ಪುನೀರಾದರೆ ಇನ್ನೂ ಕಡಿಮೆ. ಅಂದರೆ ಮೀನು ಬದುಕುವುದೇ ತೀರಾ ಸಣ್ಣ ಗಂಟಿನ ಮೇಲೆ, ಮತ್ತು ಆ ಗಂಟು ತುಂಬುವುದು ಹೆಚ್ಚಾಗಿ ನೀರಿನ ಮೇಲ್ಮೈಯಿಂದ. ಏರ್ ಪಂಪಿನ ಗುಳ್ಳೆಯೇ ಮೀನಿಗೆ ಉಸಿರು ಕೊಡುತ್ತದೆ ಎಂದು ಗಿರಾಕಿಗಳು ತಿಳಿದಿರುತ್ತಾರೆ. ಗುಳ್ಳೆ ಮಾಡುವ ದೊಡ್ಡ ಕೆಲಸ ಬೇರೆ. ಮೇಲೇರುವಾಗ ಅದು ತಳದ ನೀರನ್ನು ಜೊತೆಗೆ ಎತ್ತಿಕೊಂಡು ಬಂದು ಮೇಲ್ಮೈಗೆ ಹರಡುತ್ತದೆ, ಅಲ್ಲಿ ಆ ನೀರು ಗಾಳಿ ಕುಡಿಯುತ್ತದೆ. ಪಂಪ್ ನಿಂತರೆ ತಳದ ನೀರು ತಳದಲ್ಲೇ ಉಳಿಯಿತು. ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿಂದ ಹೊಯ್ದರೆ ಪಂಪಿನ ಕೆಲಸ ಕೈ ಮಾಡಿದಂತಾಯಿತು.

1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಈ ಕೈಕೆಲಸವನ್ನೇ ತಪ್ಪಿಸುವ ದಾರಿ ತೋರಿಸಿದರು. ಎರಡು ಗೋಲ್ಡ್ ಫಿಷ್, ಒಂದಿಷ್ಟು ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೊಳೆತ ಎಲೆ ತಿನ್ನಲು ಬಸವನಹುಳು. ಬೆಳಕಿದ್ದಾಗ ಗಿಡ ಆಮ್ಲಜನಕ ಬಿಡುತ್ತದೆ, ಮೀನಿನ ಹೊಲಸು ಗಿಡಕ್ಕೆ ಗೊಬ್ಬರ, ಯಾರೂ ನೀರು ಬದಲಿಸಬೇಕಿಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿ ಅಕ್ವೇರಿಯಂ ಬಗ್ಗೆ ಬರೆದ ಪುಸ್ತಕ ಬಂದ ಮೇಲೆ ಗಾಜಿನ ತೊಟ್ಟಿ ಇಂಗ್ಲೆಂಡಿನ ಮನೆಮನೆಯ ಹುಚ್ಚಾಯಿತು. ವಾರಿಂಗ್‌ಟನ್ನರ ಸಮತೋಲ ಸುಳ್ಳಲ್ಲ, ಇವತ್ತಿಗೂ ನಡೆಯುತ್ತದೆ. ಆದರೆ ಅದು ಎರಡು ಮೀನಿಗೆ ನಡೆಯುತ್ತದೆ. ಜನಕ್ಕೆ ಇಪ್ಪತ್ತು ಬೇಕು. ಈ ಕಸುಬಿನ ಕಷ್ಟಗಳೆಲ್ಲ ಹುಟ್ಟಿದ್ದು ಈ ಎರಡು ಮತ್ತು ಇಪ್ಪತ್ತರ ನಡುವೆ.

ಇಪ್ಪತ್ತನ್ನು ಸಾಧ್ಯ ಮಾಡಿದ್ದು ಯಂತ್ರ. ವಿಲಿಯಂ ಆಲ್ಫರ್ಡ್ ಲಾಯ್ಡ್ ಮೊದಲು ಅಂಗಡಿ ಇಟ್ಟು ತೊಟ್ಟಿ, ಮೀನು, ಉಪ್ಪುನೀರು ಮಾರುತ್ತಿದ್ದವರು, ಹಾಗಾಗಿ ನನಗೆ ಅವರ ಮೇಲೆ ವಿಶೇಷ ಗೌರವ. ಪ್ಯಾರಿಸ್, ಹ್ಯಾಂಬರ್ಗ್‌ಗಳಲ್ಲಿ ದುಡಿದು, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ಅಕ್ವೇರಿಯಂ ಕಟ್ಟಿಸಿದರು. ಉಗಿಯಂತ್ರ ಹಗಲೂ ರಾತ್ರಿ ಕಡಲ ನೀರನ್ನು ತಿರುಗಿಸುತ್ತಿತ್ತು. ಲಾಯ್ಡ್ ಬರೀ ಯಂತ್ರ ಇಟ್ಟು ಕೈತೊಳೆದುಕೊಳ್ಳಲಿಲ್ಲ. ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಕತ್ತಲ ತೊಟ್ಟಿಯೊಂದನ್ನು ನೆಲದಡಿಯಲ್ಲಿ ಕಟ್ಟಿಸಿ, ನೀರೆಲ್ಲ ಅದರ ಮೂಲಕ ಹಾಯುವಂತೆ ಮಾಡಿದರು. ಅಲ್ಲಿ ನೀರು ತಂಪಾಗಿರುತ್ತದೆ, ಪಾಚಿ ಕಟ್ಟುವುದಿಲ್ಲ, ಹೊಲಸಿನ ಪಾಲು ಹಂಚಿಹೋಗುತ್ತದೆ. ಯಂತ್ರ ಕೆಟ್ಟು ನಿಂತರೂ ಆ ದೊಡ್ಡ ನೀರು ಬೇಗ ಕೆಡುವುದಿಲ್ಲ. ಯಂತ್ರವೆಂದ ಮೇಲೆ ಒಂದು ದಿನ ನಿಂತೇ ನಿಲ್ಲುತ್ತದೆ ಎಂಬುದನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿದ ಅಕ್ವೇರಿಯಂ ಅದು. ಇವತ್ತು ಫ್ಲ್ಯಾಟಿನ ಹಾಲ್‌ನಲ್ಲಿ ಐದಡಿ ತೊಟ್ಟಿ ಇಡಿಸುವವರಿಗೆ ಈ ಲೆಕ್ಕ ಹೇಳಿದರೆ, ನಮ್ಮಲ್ಲಿ ಜನರೇಟರ್ ಇದೆಯಲ್ಲ ಅನ್ನುತ್ತಾರೆ.

ನಾನು ಈ ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹತ್ತಿರದ ಒಂದು ಗಲ್ಲಿಯ ಅಂಗಡಿಯಲ್ಲಿ. ನಮ್ಮ ಯಜಮಾನರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು, ನಾನೂ ಹಾಗೇ. 1983ರಲ್ಲಿ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ತೆರೆದ ಮೇಲೆ ಮಕ್ಕಳು ಅಲ್ಲಿ ನೋಡಿದ ಮೀನೇ ಬೇಕೆಂದು ಅಪ್ಪಂದಿರ ಕೈ ಜಗ್ಗಿಕೊಂಡು ಬರುತ್ತಿದ್ದರು. ವ್ಯಾಪಾರ ಜೋರು. ಕರೆಂಟ್ ಮಾತ್ರ ಆಗ ಯಾರ ಮಾತೂ ಕೇಳುತ್ತಿರಲಿಲ್ಲ. ರಾಜ್ಯದ ವಿದ್ಯುತ್ತಿನ ಬಹುಪಾಲು ಶರಾವತಿಯಂಥ ನದಿಗಳಿಂದ ಬರುತ್ತಿದ್ದ ಕಾಲ. ಅದರ ಲಿಂಗನಮಕ್ಕಿ ಜಲಾಶಯದಲ್ಲಿ ನೀರು ತಗ್ಗಿದರೆ ಶಿವಾಜಿನಗರದಲ್ಲಿ ಗೋಲ್ಡ್ ಫಿಷ್ ಬಾಯಿ ಬಿಡುತ್ತಿತ್ತು. ಅದೂ ಬೇಸಿಗೆಯಲ್ಲೇ, ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ ಇರುವ ಹೊತ್ತಿನಲ್ಲೇ.

ಇನ್ವರ್ಟರ್ ಇರಲಿಲ್ಲ. ಭಾಯ್ ಇಟ್ಟುಕೊಂಡಿದ್ದದ್ದು ಲಾರಿ ಟೈರಿನ ಹಳೇ ಟ್ಯೂಬುಗಳನ್ನು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನನ್ನ ಮೊದಲ ಕೆಲಸ ಸೈಕಲ್ ಪಂಪಿನಿಂದ ಅವನ್ನು ಬಿಗಿಯಾಗಿ ಉಬ್ಬಿಸಿಡುವುದು. ಟ್ಯೂಬಿನ ವಾಲ್ವ್ ಪಿನ್ ತೆಗೆದು ಅದರ ಬಾಯಿಗೆ ಸಣ್ಣ ರಬ್ಬರ್ ನಳಿಗೆ ಬಿಗಿದು, ನಡುವೆ ಒಂದು ಕ್ಲಿಪ್ಪು ಸಿಕ್ಕಿಸಿರುತ್ತಿದ್ದರು. ಕರೆಂಟ್ ಹೋಯಿತೋ, ಪಂಪಿನ ನಳಿಗೆ ಕಿತ್ತು ಈ ನಳಿಗೆಯನ್ನು ಏರ್ ಸ್ಟೋನಿಗೆ ಹಾಕಿ ಕ್ಲಿಪ್ಪನ್ನು ಕೂದಲೆಳೆಯಷ್ಟು ಸಡಿಲ ಮಾಡಬೇಕು. ಹೆಚ್ಚು ಬಿಟ್ಟರೆ ಟ್ಯೂಬು ಬೇಗ ಸೊರಗುತ್ತದೆ, ಕಡಿಮೆ ಬಿಟ್ಟರೆ ಕಲ್ಲಿನಿಂದ ಗುಳ್ಳೆ ಹೊರಡುವುದಿಲ್ಲ. ಸರಿಯಾಗಿ ಬಿಟ್ಟರೆ ಗುಳ್ಳೆ ಒಂದರ ಹಿಂದೊಂದು ಎಣಿಸುವ ಹಾಗೆ ಏಳುತ್ತದೆ. ಟ್ಯೂಬು ಸಾಲದ ತೊಟ್ಟಿಗಳಿಗೆ ಚೊಂಬೇ ಗತಿ. ನಾನು ಯಾವ ತೊಟ್ಟಿಗೆ ಮೊದಲು ಹೋಗಲಿ ಎಂದು ದಿಕ್ಕುತೋಚದೆ ನಿಂತರೆ ಭಾಯ್ ಗಲ್ಲಾದ ಹಿಂದಿನಿಂದ ಹೇಳುವರು, "ಮಗಾ, ಪಂಪ್ ನೋಡಬೇಡ, ಮೀನಿನ ಬಾಯಿ ನೋಡು." ಯಾವ ತೊಟ್ಟಿಯಲ್ಲಿ ಮೀನು ಮೇಲೆ ಬಂದು ನೀರಿನಂಚಿಗೆ ಬಾಯಿಟ್ಟು ಗುಟುಕರಿಸುತ್ತಿದೆಯೋ ಅಲ್ಲಿಗೆ ಮೊದಲು. ದೊಡ್ಡ ಮೀನು ಮೊದಲು ಮೇಲೆ ಬರುತ್ತದೆ, ಸಣ್ಣದು ಆಮೇಲೆ. ಸಾಯುವುದೂ ಸಾಮಾನ್ಯವಾಗಿ ಅದೇ ಕ್ರಮದಲ್ಲಿ.

ಅಂಗಡಿಯಲ್ಲಿ ಒಂದು ಸಾಲಿಗೆ ಟ್ಯೂಬೂ ಇಲ್ಲ ಚೊಂಬೂ ಇಲ್ಲ. ಅಲ್ಲಿರುತ್ತಿದ್ದದ್ದು ಗೌರಾಮಿ ಮತ್ತು ಫೈಟರ್ ಮೀನುಗಳು. ಇವುಗಳ ಕಿವಿರಿನ ಮೇಲೆ ಇನ್ನೊಂದು ಅಂಗ ಇರುತ್ತದೆ, ಮಡಿಕೆ ಮಡಿಕೆಯಾಗಿ. ಅದರಲ್ಲಿ ಅವು ನೇರವಾಗಿ ಗಾಳಿಯನ್ನೇ ಉಸಿರಾಡುತ್ತವೆ. ನಮ್ಮ ಕೆರೆಗಳ ಕೊರವ ಮೀನನ್ನು ಸಂತೆಯಲ್ಲಿ ಜೀವಂತ ಇಟ್ಟು ಮಾರುವುದಕ್ಕೂ ಇಂಥದೇ ಕಾರಣ. ಯುರೋಪಿನ ಮನೆಗಳಿಗೆ ಮೊದಲು ಬಂದ ಉಷ್ಣವಲಯದ ಮೀನು ಈ ಬಳಗದ್ದೇ: ಚೀನಾದಿಂದ ತಂದ ಪ್ಯಾರಡೈಸ್ ಫಿಷ್, 1869ರಲ್ಲಿ ಪ್ಯಾರಿಸ್ಸಿನ ಪಿಯರ್ ಕಾರ್ಬೊನಿಯೆ ಎಂಬವರ ಕೈಗೆ ಬಂದು ಅಲ್ಲೇ ಮರಿ ಮಾಡಿತು. ಪಂಪಿಲ್ಲದ ಹಡಗಿನ ಪ್ರಯಾಣ ತಾಳಿಕೊಳ್ಳುವ ಮೀನು ಮೊದಲು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪದೇಪದೇ ಕರೆಂಟ್ ಹೋಗುವ ಬೀದಿಯಿಂದ ಬಂದವರಿಗೆ ಭಾಯ್ ಕೊಡುತ್ತಿದ್ದದ್ದೂ ಗೌರಾಮಿಯನ್ನೇ. ದೊಡ್ಡದಾಗಿ ಬೆಳೆಯುವ ಆಸ್ಕರ್ ಮೀನೇ ಬೇಕೆಂದು ಹಟ ಹಿಡಿದರೆ ಬೇರೆ ಅಂಗಡಿ ತೋರಿಸುತ್ತಿದ್ದರು.

ಕರೆಂಟಿನ ಮಾತು ಹಾಗಿರಲಿ, ಊರನ್ನೇ ಬಿಟ್ಟು ಓಡಬೇಕಾದ ಹೊತ್ತು ಬಂದರೆ ಮೀನಿನ ಸರದಿ ಯಾವಾಗಲೂ ಕೊನೆಯದು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಲಂಡನ್ ಮೃಗಾಲಯದ ಪಾಂಡಾಗಳನ್ನೂ ಆನೆಗಳನ್ನೂ ಹಳ್ಳಿಗಾಡಿನ ವಿಪ್‌ಸ್ನೇಡ್‌ಗೆ ಸಾಗಿಸಿದರು. ಅಕ್ವೇರಿಯಂ ಮುಚ್ಚಿ ತೊಟ್ಟಿಗಳ ನೀರು ಬಸಿದರು. ಮದರಾಸಿನ ಮರೀನಾ ಕಡಲ ದಂಡೆಯಲ್ಲಿ 1909ರಲ್ಲಿ ತೆರೆದಿದ್ದ ಅಕ್ವೇರಿಯಂ, ಅಲ್ಲಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಮುಂದೆ ನಿಂತು ಮಾಡಿಸಿದ್ದು, 1942ರಲ್ಲಿ ಜಪಾನೀಯರು ಬಾಂಬು ಹಾಕುತ್ತಾರೆಂಬ ಭಯಕ್ಕೆ ಮುಚ್ಚಿತು. ಬರ್ಲಿನ್ನಿನದು 1943ರ ನವೆಂಬರಿನಲ್ಲಿ ಬಾಂಬಿಗೇ ಹೋಯಿತು. ಆನೆಯನ್ನು ನಡೆಸಿಕೊಂಡು ಹೋಗಬಹುದು, ಹಕ್ಕಿಯನ್ನು ಪಂಜರದ ಸಮೇತ ಎತ್ತಬಹುದು. ಮೀನನ್ನು ಸಾಗಿಸಬೇಕಾದರೆ ಅದರ ಊರನ್ನೇ ಜೊತೆಗೆ ಹೊರಬೇಕು. ನೂರು ಲೀಟರ್ ನೀರು ನೂರು ಕಿಲೋ ತೂಗುತ್ತದೆ.

ನನ್ನನ್ನು ಬಹಳ ಕಾಡಿದ್ದು ನ್ಯೂ ಆರ್ಲಿಯನ್ಸ್. ಮಿಸಿಸಿಪಿ ನದಿಯ ದಡದಲ್ಲಿ 1990ರಲ್ಲಿ ತೆರೆದ ಆ ದೊಡ್ಡ ಅಕ್ವೇರಿಯಂ 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವನ್ನು ತಾಳಿಕೊಂಡು ನಿಂತಿತು. ಕಟ್ಟಡಕ್ಕೆ ದೊಡ್ಡ ಪೆಟ್ಟಾಗಲಿಲ್ಲ. ಸಿಬ್ಬಂದಿಯ ಒಂದು ತಂಡ ಒಳಗೇ ಉಳಿದಿತ್ತು, ಜನರೇಟರ್ ಓಡುತ್ತಿತ್ತು. ಅಷ್ಟರಲ್ಲಿ ಒಡ್ಡುಗಳು ಒಡೆದು ಊರಿನ ಬಹುಭಾಗ ಮುಳುಗಿತು, ಕಾನೂನು ವ್ಯವಸ್ಥೆ ಕುಸಿಯಿತು, ಮೀನು ನೋಡಿಕೊಳ್ಳುವವರೂ ಹೊರಡಬೇಕಾಯಿತು. ಜನ ಸಾಯುತ್ತಿದ್ದ ಊರಿನಲ್ಲಿ ಮೀನಿಗಾಗಿ ಉಳಿಯಿರಿ ಎನ್ನಲು ಯಾರಿಗೂ ಬಾಯಿ ಬಾರದು. ಆಮೇಲೆ ಜನರೇಟರ್ ನಿಂತಿತು. ಆಗಸ್ಟಿನ ಸೆಕೆ, ಕದಲದ ನೀರು. ಅವರು ವಾಪಸ್ಸು ಬಂದು ಬಾಗಿಲು ತೆಗೆದಾಗ ಸುಮಾರು ಹತ್ತು ಸಾವಿರ ಮೀನುಗಳಲ್ಲಿ ಬಹುಪಾಲು ಸತ್ತಿದ್ದವು.

ಉಳಿದದ್ದು ಯಾವುದೆಂದು ನೋಡಿ: ಪೆಂಗ್ವಿನ್‌ಗಳು, ಎರಡು ಕಡಲ ನೀರುನಾಯಿಗಳು, ಬಿಳಿ ಮೊಸಳೆ, ಮೈಡಾಸ್ ಎಂಬ ದೊಡ್ಡ ಕಡಲಾಮೆ. ಕಡಲ ಡ್ರ್ಯಾಗನ್‌ಗಳಂಥ ಕೆಲವು ಮೀನುಗಳೂ ಹೇಗೋ ಉಳಿದವು, ಆದರೆ ಹೆಚ್ಚಾಗಿ ಉಳಿದದ್ದು ಶ್ವಾಸಕೋಶ ಇದ್ದವು, ಮೂಗನ್ನು ನೀರಿನಿಂದ ಮೇಲೆತ್ತಿ ಉಸಿರಾಡುವವು. ಆ ಕಟ್ಟಡದಲ್ಲಿ ಬಿರುಗಾಳಿಯಿಂದ ಸತ್ತ ಮೀನು ಇಲ್ಲವೆಂದೇ ಹೇಳಬೇಕು, ಸತ್ತದ್ದು ಉಸಿರು ಕಟ್ಟಿ. ಭಾಯ್ ಅಂಗಡಿಯ ಗೌರಾಮಿ ಸಾಲಿಗೂ ಗೋಲ್ಡ್ ಫಿಷ್ ಸಾಲಿಗೂ ಇದ್ದ ವ್ಯತ್ಯಾಸವೇ ಅಲ್ಲಿ ಸಾವಿರಗಟ್ಟಲೆಯಲ್ಲಿ ಕಾಣಿಸಿತು. ಪೆಂಗ್ವಿನ್ ಮತ್ತು ನೀರುನಾಯಿಗಳನ್ನು ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಇಟ್ಟುಕೊಂಡು ಸಾಕಿತು. 2006ರ ಮೇ ತಿಂಗಳಲ್ಲಿ ಅವು ವಿಮಾನದಲ್ಲಿ ಊರಿಗೆ ಮರಳಿದವು, ಅದೇ ತಿಂಗಳ 26ಕ್ಕೆ ಅಕ್ವೇರಿಯಂ ಮತ್ತೆ ತೆರೆಯಿತು.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ನ್ಯೂಯಾರ್ಕಿನ ಕೋನಿ ಐಲೆಂಡ್. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತಕ್ಕೆ ಅಟ್ಲಾಂಟಿಕ್ ಸಾಗರವೇ ಅಲ್ಲಿಯ ಅಕ್ವೇರಿಯಂ ಒಳಗೆ ನುಗ್ಗಿತು. ನೆಲಮಾಳಿಗೆಗಳು ತುಂಬಿದವು, ವಿದ್ಯುತ್ ಹೋಯಿತು. ಕಟ್ಟಡಕ್ಕೆ ಆದ ಪೆಟ್ಟು ನ್ಯೂ ಆರ್ಲಿಯನ್ಸ್‌ಗಿಂತ ಎಷ್ಟೋ ಹೆಚ್ಚು. ಆದರೆ ಒಂದು ಸಣ್ಣ ತಂಡ ರಾತ್ರಿಯಿಡೀ ಒಳಗಿತ್ತು, ಮಾರನೆಯ ದಿನವೂ ಇತ್ತು. ನೀರು ಹೊರಹಾಕುವುದು, ಜನರೇಟರ್ ಜೋಡಿಸುವುದು, ಯಾವ ತೊಟ್ಟಿ ಮೊದಲು ಎಂದು ಆರಿಸುವುದು ಅವರ ಪಾಲಿಗೆ ಬಂತು. ಹೊರಗಿನ ಸಿಹಿನೀರ ಕೊಳಕ್ಕೆ ಕಡಲು ನುಗ್ಗಿ ಕೋಯಿ ಮೀನುಗಳು ಹೋದವು. ಒಳಗಿದ್ದ ಸಾವಿರಾರು ಜೀವಗಳಲ್ಲಿ ಬಹುಪಾಲು ಉಳಿದವು. ಕೋನಿ ಐಲೆಂಡಿನಲ್ಲಿ ಕೈ ಇತ್ತು, ನ್ಯೂ ಆರ್ಲಿಯನ್ಸಿನಲ್ಲಿ ಕೈ ಇರಲಿಲ್ಲ. ನನ್ನ ಮಟ್ಟಿಗೆ ಎರಡು ಊರುಗಳ ವ್ಯತ್ಯಾಸ ಅಷ್ಟೇ.

ಜಪಾನಿನ ಅಕ್ವಾಮರೀನ್ ಫುಕುಶಿಮಾ ಎಂಬ ಅಕ್ವೇರಿಯಂ ಇನ್ನೊಂದು ಉದಾಹರಣೆ. 2011ರ ಮಾರ್ಚ್ 11ರ ಸುನಾಮಿ ಬಂದು ಹೋದ ಮೇಲೂ ಅಲ್ಲಿಯ ಜೀವಗಳು ಬದುಕಿದ್ದವು. ತುರ್ತು ಜನರೇಟರಿನ ಇಂಧನ ಮುಗಿದ ಮೇಲೆ ಸುಮಾರು ಎರಡು ಲಕ್ಷ ಜೀವಗಳು ಸತ್ತವು. ನಾಲ್ಕೇ ತಿಂಗಳಲ್ಲಿ, ಜುಲೈ 15ಕ್ಕೆ, ಮತ್ತೆ ಬಾಗಿಲು ತೆಗೆದರು. ಆ ಛಲಕ್ಕೆ ಕೈಮುಗಿಯಬೇಕು.

ದೊಡ್ಡ ಸಂಸ್ಥೆಗಳ ಕಥೆ ಇದಾದರೆ, ಮೀನನ್ನು ಊರಿಂದ ಊರಿಗೆ ಜೀವಂತ ಸಾಗಿಸುವ ವಿದ್ಯೆ ಅಂಗಡಿಯವರ ಕೈಯಲ್ಲಿ ಬೆಳೆಯಿತು. ನಮಗೆ ಮೀನು ಬರುವುದು ಹೆಚ್ಚಾಗಿ ಚೆನ್ನೈನ ಕೊಳತ್ತೂರಿನಿಂದ. ಪ್ಯಾಕಿಂಗ್ ಮಾಡುವವರ ಕೈ ನೋಡಬೇಕು. ಹಿಂದಿನ ದಿನವೇ ಮೀನಿಗೆ ಆಹಾರ ನಿಲ್ಲಿಸಿರುತ್ತಾರೆ, ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಒಂದರೊಳಗೊಂದು ಎರಡು ಪಾಲಿಥಿನ್ ಚೀಲ, ತಳದ ಮೂಲೆಗಳನ್ನು ರಬ್ಬರ್ ಹಾಕಿ ಬಿಗಿದಿರುತ್ತಾರೆ, ಇಲ್ಲದಿದ್ದರೆ ಸಣ್ಣ ಮೀನು ಮೂಲೆಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಮೂರನೇ ಒಂದು ಭಾಗ ನೀರು. ಚೀಲದ ಗಾಳಿಯನ್ನೆಲ್ಲ ಹಿಂಡಿ ತೆಗೆದು, ಸಿಲಿಂಡರಿನ ನಳಿಗೆ ತೂರಿಸಿ ಆಕ್ಸಿಜನ್ ತುಂಬಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್. ಆಮೇಲೆ ಥರ್ಮಾಕೋಲ್ ಡಬ್ಬಿಯಲ್ಲಿ ಚೀಲವನ್ನು ನಿಲ್ಲಿಸುವುದಿಲ್ಲ, ಮಲಗಿಸುತ್ತಾರೆ. ಮಲಗಿದ ಚೀಲದಲ್ಲಿ ನೀರಿನ ಮೇಲ್ಮೈ ಅಗಲ, ಗಾಳಿ ಕುಡಿಯುವ ಜಾಗ ಹೆಚ್ಚು. ಹೀಗೆ ರಾತ್ರಿ ಬಸ್ಸು ಹತ್ತಿದ ಮೀನು ಬೆಳಿಗ್ಗೆ ಬೆಂಗಳೂರಿನಲ್ಲಿ ಚುರುಕಾಗಿ ಇಳಿಯುತ್ತದೆ. 2015ರ ಡಿಸೆಂಬರಿನ ಮಳೆಗೆ ಚೆನ್ನೈ ಮುಳುಗಿದಾಗ ನಮಗೆ ಮಾಲು ಕಳಿಸುವವರು ಇದೇ ಚೀಲಗಳಲ್ಲಿ ತಾಯಿಮೀನುಗಳನ್ನು ತುಂಬಿ ಮಾಳಿಗೆಗೆ ಏರಿಸಿಟ್ಟಿದ್ದರಂತೆ. ಮರಿಗಳನ್ನು ಬಿಟ್ಟರು. ತಾಯಿ ಉಳಿದರೆ ಮರಿ ಮತ್ತೆ ಆಗುತ್ತದೆ ಎಂದು ಫೋನಿನಲ್ಲಿ ಹೇಳಿದರು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಊರಿನ ಸರದಿ. ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತಂದ ದಿನಗಳು. ಬೆಳಗಿನ ಜಾವ ಒಬ್ಬ ಹೆಣ್ಣುಮಗಳ ಫೋನ್. "ಅಣ್ಣಾ, ಕರೆಂಟ್ ತೆಗೆದಿದ್ದಾರೆ, ಕೆಳಗಿನ ಮನೆಗೆ ನೀರು ಬಂದಿದೆ, ಟ್ರ್ಯಾಕ್ಟರ್ ಬರುತ್ತಂತೆ. ಮೀನು ಏನ್ ಮಾಡ್ಲಿ?" ಮನೆಯಲ್ಲಿ ಎತ್ತರದ ತೊಟ್ಟಿ, ಅದರಲ್ಲಿ ಗೋಲ್ಡ್ ಫಿಷ್, ಬೇರೆ ಜಾಡಿಯಲ್ಲಿ ಒಂದು ಫೈಟರ್. ನಾನು ಹೇಳಿದೆ: "ಅಮ್ಮಾ, ಮುಚ್ಚಳ ಇರುವ ದೊಡ್ಡ ಬಕೆಟ್ ತಗೊಳ್ಳಿ, ಅಗಲ ಇದ್ದಷ್ಟೂ ಒಳ್ಳೇದು. ತೊಟ್ಟಿಯ ನೀರನ್ನೇ ಅರ್ಧಕ್ಕೆ ತುಂಬಿ, ನಲ್ಲಿ ನೀರು ಬೇಡ. ಸ್ಪಂಜ್ ಫಿಲ್ಟರನ್ನ ಹಿಂಡಬೇಡಿ, ಒದ್ದೆಯಾಗೇ ಡಬ್ಬಿಗೆ ಹಾಕಿ ತಗೊಂಡು ಹೋಗಿ. ಊಟ ಹಾಕ್ಬೇಡಿ. ಫೈಟರ್ ಅಲ್ಲೇ ಇರಲಿ, ಮೇಲಿನ ಕಪಾಟಿನಲ್ಲಿ ಇಟ್ಟು ಬಾಯಿ ತೆರೆದು ಬಿಡಿ." ಸ್ಪಂಜಿನ ಮಾತಿಗೆ ಕಾರಣ ಇದೆ. ಮೀನಿನ ಹೊಲಸಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲಿ. ಅವೂ ಉಸಿರಾಡುತ್ತವೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗೆ ನೀರು ಗಂಟೆಗಟ್ಟಲೆ ನಿಂತರೆ ಅವು ಸಾಯುತ್ತವೆ. ಕರೆಂಟ್ ಬಂದಾಗ ಆ ಕೊಳೆತ ನೀರೇ ತೊಟ್ಟಿಗೆ ಬೀಳುತ್ತದೆ. ಕರೆಂಟ್ ಇಲ್ಲದ ಹೊತ್ತನ್ನು ದಾಟಿದ ಮೀನು ಕರೆಂಟ್ ಬಂದ ಮೇಲೆ ಸಾಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಆ ಬಕೆಟ್ ಟ್ರ್ಯಾಕ್ಟರಿನಲ್ಲಿ ಆಕೆಯ ಅತ್ತೆಯ ತೊಡೆಯ ಮೇಲೆ ಕೂತು ಬನಶಂಕರಿಯ ನೆಂಟರ ಮನೆ ಸೇರಿತು. ಅಲ್ಲೂ ಆ ರಾತ್ರಿ ಕರೆಂಟ್ ಬಂದು ಹೋಗಿ ಆಡುತ್ತಿತ್ತಂತೆ. ಮಕ್ಕಳು, ಅಜ್ಜಿ, ಮನೆಯ ಯಜಮಾನರು ಪಾಳಿ ಹಾಕಿಕೊಂಡು ಲೋಟದಲ್ಲಿ ನೀರೆತ್ತಿ ಹೊಯ್ದರು. ಒಂದು ಗೋಲ್ಡ್ ಫಿಷ್ ಸತ್ತಿತು, ದೊಡ್ಡದು. ಉಳಿದವು ಬದುಕಿದವು. ನೀರಿಳಿದು ಮನೆಗೆ ಹೋದಾಗ ಫೈಟರ್ ಕಪಾಟಿನಲ್ಲಿ ಹಸಿದುಕೊಂಡು, ಚೆನ್ನಾಗಿಯೇ ಇತ್ತು.

ಮುಂದಿನ ತಿಂಗಳು ಆಕೆ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಎತ್ತರದ ತೊಟ್ಟಿಯನ್ನು ನನಗೇ ವಾಪಸ್ಸು ಕೊಟ್ಟು, ಅದೇ ಅಳತೆಯ ನೀರು ಹಿಡಿಯುವ ಆದರೆ ತಗ್ಗಾಗಿ ಅಗಲವಾಗಿರುವ ಒಂದನ್ನು ಆರಿಸಿದರು. ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದು, ದಪ್ಪ ಚೀಲ ನಾಲ್ಕು. ಸತ್ತ ಮೀನಿನ ಬದಲಿಗೆ ಇನ್ನೊಂದು ಕೊಡಲೇ ಎಂದು ಕೇಳಿದೆ. ದೊಡ್ಡ ಹುಡುಗ ಬೇಡ ಅಂದ, ಇರುವಷ್ಟೇ ಸಾಕು ಅಂದ.